ಡೀಜೆ ಶಿವಕೃಷ್ಣನ ಎಡಗಿವಿ

“ನನ್ನ ಮೈಕ್ ಬಂದ್ ಮಾಡಿದ್ದು ನೀವೇ ಅಲ್ವಾ?”

ಕುಸುಮ ವೇದಿಕೆ ಇಳಿದು ಬಂದವಳೇ ಡೀಜೆಯ ಎದುರು ನಿಂತು ಕೇಳಿದಳು. ಸಿಟ್ಟಿಗೆ ಅವಳ ತುಟಿ ಅದುರುತ್ತಿತ್ತು.

ಅವನು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಅವಳ ಮುಖ ನೋಡಿದ. ಆಮೇಲೆ ತಲೆಯಾಡಿಸಿದ. ಹೌದು ಎಂಬಂತೆ! ಜೊತೆಗೊಂದು ಸಣ್ಣ ನಗು ಬೇರೆ!

‘ಅಬ್ಬಾ, ಎಂಥ ಸೊಕ್ಕು...! ಮಾಡಿದ್ದೂ ಅಲ್ಲದೆ ನಗ್ತಾನಲ್ಲ!’

“ನಿಮಗೆ ಒಳ್ಳೆಯದಾಗುವುದಿಲ್ಲ,” ಎಂದಳು.

ಅದಕ್ಕೂ ಅವನು ತಲೆಯಾಡಿಸಿದ.

ಅದು ಎರಡು ಸಾವಿರದ ಒಂದನೇ ಇಸವಿ. ಬೆಳ್ತಂಗಡಿಯ ವ್ಯಾಪಾರಿಯೊಬ್ಬರ ಮಗಳ ಮೆಹಂದಿ. ಕುಸುಮಳ ಅಪ್ಪ ತುಕ್ರಪ್ಪನ ಆರ್ಕೆಸ್ಟ್ರಾ ಎಂದರೆ ಬಂಟ್ವಾಳದಿಂದ ಮೂಡುಬಿದಿರೆಯವರೆಗೆ ಹೆಸರಿತ್ತು. ಅಪ್ಪ ಢೋಲಕ್, ಪಾಣೆಮಂಗಳೂರಿನ ಇಬ್ರಾಹಿಂ ಖಲೀಲ್ ಕೀಬೋರ್ಡ್, ಹಾಡಲು ಕುಸುಮ.

ಅಂದು ಎರಡನೇ ಹಾಡಿನ ನಡುವೆ ಮೈಕ್ ಸತ್ತುಹೋಯಿತು. ಅವಳ ಬಾಯಿ ಆಡುತ್ತಿತ್ತು, ಸ್ವರ ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ.

“ಆರ್ಕೆಸ್ಟ್ರಾ ಸಾಕು, ಡೀಜೆ ಹಾಕಿ!” ಚಪ್ಪರದ ಹುಡುಗರು ಕೂಗಿದರು. ಮರುಕ್ಷಣವೇ ಆಳೆತ್ತರದ ಬಾಕ್ಸುಗಳಿಂದ ಎದೆಗೆ ಗುದ್ದುವಂಥ ಸದ್ದು ಹೊರಟಿತು.

ತುಕ್ರಪ್ಪನ ಕೈ ಢೋಲಕಿನ ಮೇಲೆ ಹಾಗೆಯೇ ನಿಂತಿತ್ತು.

“ಹೋಗುವ ಮಗಾ,” ಎಂದ ಅವನು. “ಜನಕ್ಕೆ ಬೇಡದ ಮೇಲೆ ಯಾರಿಗೆ ಬಾರಿಸುವುದು?”

ಅಲ್ಲಿಂದ ಮುಂದೆ ತುಕ್ರಪ್ಪನನ್ನು ಕರೆಯುವವರು ಕಡಿಮೆಯಾಗುತ್ತ ಹೋದರು. ಎಲ್ಲ ಕಡೆ ಒಂದೇ ಹೆಸರು... ಮುಂಬೈಯಿಂದ ಬಂದ ಮೂಡುಬಿದಿರೆಯ ಡೀಜೆ ಶಿವಕೃಷ್ಣ! ಖಲೀಲ್ ಕೀಬೋರ್ಡ್ ಬದಿಗಿಟ್ಟು ಸೌಂಡ್ ಬಾಕ್ಸ್ ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ತುಕ್ರಪ್ಪ ಢೋಲಕನ್ನು ಅಟ್ಟಕ್ಕೆ ಹಾಕಿದ. ಮನೆಯಲ್ಲಿ ಮಾತನ್ನೂ ಕಡಿಮೆ ಮಾಡಿದ.

ಕುಸುಮ ಬಿ.ಸಿ.ರೋಡಿನ ಕಿವಿ ಡಾಕ್ಟರರೊಬ್ಬರ ಕ್ಲಿನಿಕ್ಕಿನಲ್ಲಿ ಟೋಕನ್ ಬರೆಯುವ ಕೆಲಸಕ್ಕೆ ಸೇರಿದಳು.

ಹಾಡುವುದನ್ನು ನಿಲ್ಲಿಸಿದಳು.

* * *

ಮೂರು ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಟೋಕನ್ ಪುಸ್ತಕದಲ್ಲಿ ಆ ಹೆಸರು ಬರೆಯುವಾಗ ಅವಳ ಪೆನ್ನು ತಡೆಯಿತು.

“ಶಿವಕೃಷ್ಣ!” ಸರದಿ ಬಂದಾಗ ಕರೆದಳು.

ಅವನು ಬೆಂಚಿನಲ್ಲಿ ಆ ಕಡೆ ತಿರುಗಿ ಕುಳಿತಿದ್ದ. ಅಲುಗಲಿಲ್ಲ.

“ಶಿವಕೃಷ್ಣ... ಮೂಡುಬಿದಿರೆ!”

ಊಹೂಂ. ಕ್ಲಿನಿಕ್ಕಿನಲ್ಲಿದ್ದವರೆಲ್ಲ ತಿರುಗಿ ನೋಡಿದರು, ಅವನೊಬ್ಬನ ಹೊರತು. ಕೊನೆಗೆ ಪಕ್ಕದವರು ಭುಜ ತಟ್ಟಿದಾಗ ಗಾಬರಿಯಿಂದ ಎದ್ದು, ಅವಳ ಮುಖ ನೋಡಿ ತಲೆಯಾಡಿಸಿದ. ಅದೇ ಸಣ್ಣ ನಗು!

ಕುಸುಮ ಪೆನ್ನು ಕೆಳಗಿಟ್ಟಳು.

‘ಅಯ್ಯೋ ದೇವರೇ... ಅಂದು ನಾನು ಹೇಳಿದ್ದು ಇವರಿಗೆ ಕೇಳಿರಲೇ ಇಲ್ಲವಾ?’

ಡಾಕ್ಟರು ಪರೀಕ್ಷೆ ಮಾಡಿ ಮುಚ್ಚುಮರೆ ಇಲ್ಲದೆ ಹೇಳಿದರು. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯೂ ಹೋಗುವ ದಾರಿಯಲ್ಲಿದೆ, ಡೀಜೆ ಕೆಲಸ ಬಿಟ್ಟರೆ ಉಳಿದಷ್ಟಾದರೂ ಉಳಿಯಬಹುದು.

ಹೊರಗೆ ಬಂದವನ ಎದುರು ಹೋಗಿ ನಿಂತಳು. ಅವನಿಗೆ ತನ್ನ ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು.

“ಬೆಳ್ತಂಗಡಿಯ ಮೆಹಂದಿಯಲ್ಲಿ ನನ್ನ ಮೈಕ್ ಬಂದ್ ಮಾಡಿದ್ದು ನೀವಾ?”

“ಮೈಕಾ? ನಾನ್ಯಾಕೆ ಮಾಡ್ಲಿ? ಮದುಮಗಳ ಕಡೆಯ ಹುಡುಗ ಒಬ್ಬ ವಯರ್ ಎಳೆದದ್ದು.” ಅವನು ಅವಳನ್ನೇ ದಿಟ್ಟಿಸಿದ. “ನೀವು... ಆ ಹಾಡ್ತಾ ಇದ್ದವರು!”

“ಮತ್ತೆ ಯಾಕೆ ತಲೆಯಾಡಿಸಿದ್ರಿ?”

“ಕೇಳದಿದ್ರೆ ತಲೆಯಾಡಿಸುವುದು ಅಭ್ಯಾಸ ಆಗಿದೆ,” ಅವನು ನೆಲ ನೋಡಿದ. “ಕಿವುಡ ಡೀಜೆ ಅಂತ ಗೊತ್ತಾದ್ರೆ ಯಾರು ಕರೀತಾರೆ ಹೇಳಿ?”

ಇಷ್ಟು ವರ್ಷ ಜೋಪಾನ ಮಾಡಿದ ದ್ವೇಷ... ಅದನ್ನು ಈಗ ಯಾರ ಮೇಲೆ ಹಾಕುವುದು?

* * *

ಔಷಧಿಗೆಂದು ಅವನು ಮತ್ತೆ ಮತ್ತೆ ಬಂದ. ಔಷಧಿ ಮುಗಿದ ಮೇಲೂ ಬಂದ!

ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತ ಅವನು ತನ್ನ ಕಥೆ ಹೇಳಿದ. ಹುಡುಗನಾಗಿದ್ದಾಗ ಮುಂಬೈಯ ಹೋಟೆಲೊಂದಕ್ಕೆ ಟೇಬಲ್ ಒರೆಸಲು ಹೋದದ್ದು, ಮೇಲಿನ ಮಹಡಿಯ ಡಿಸ್ಕೋದಲ್ಲಿ ರೆಕಾರ್ಡ್ ತಿರುಗಿಸುವವರ ಬೆರಳುಗಳನ್ನು ನೋಡಿ ನೋಡಿ ಕಲಿತದ್ದು...

“ಎರಡು ಹಾಡು ಸೇರಿಸುವುದು ಅಂದ್ರೆ ಇಬ್ಬರನ್ನು ಒಂದೇ ಹೆಜ್ಜೆಯಲ್ಲಿ ನಡೆಸಿದ ಹಾಗೆ. ಒಂದು ಹಾಡು ಜನಕ್ಕೆ ಕೇಳ್ತಾ ಇರ್ತದೆ. ಮುಂದಿನದ್ದು ಹೆಡ್‌ಫೋನಿನಲ್ಲಿ ನನ್ನ ಎಡಗಿವಿಗೆ ಮಾತ್ರ. ಅದರ ವೇಗ ಬೆರಳಲ್ಲೇ ಹೊಂದಿಸಿ ಬಿಡಬೇಕು. ಬದಲಾದದ್ದು ಕುಣಿಯುವವರಿಗೆ ಗೊತ್ತೇ ಆಗ್ಬಾರದು.”

“ಈಗ ಹೇಗೆ ಮಾಡ್ತೀರಿ?”

“ಅಂದಾಜಿನಲ್ಲಿ. ಬಲಗಿವಿ ಇದ್ದಷ್ಟು ದಿನ.” ಅವನು ನಕ್ಕ. “ಈಗ ಮಂಗಳೂರಿನ ಹುಡುಗರು ಕಂಪ್ಯೂಟರ್ ತರ್ತಾರೆ. ಹಾಡಿನ ವೇಗ ಅದೇ ಹೊಂದಿಸ್ತದಂತೆ. ಕಿವುಡನಿಗೂ ಸಾಕು ಅದು. ಆದ್ರೆ... ನನಗೆ ಮನಸ್ಸು ಬರುವುದಿಲ್ಲ.”

ಕುಸುಮ ಚಾದ ಲೋಟವನ್ನು ಬದಿಗೆ ಸರಿಸಿದಳು.

“ನಾನು ಬರ್ತೇನೆ,” ಎಂದಳು. “ಹೆಡ್‌ಫೋನ್ ನನಗೆ ಕೊಡಿ. ಢೋಲಕ್ ಬಾರಿಸುವವರ ಮಗಳು ನಾನು, ತಾಳ ತಪ್ಪಿದ್ರೆ ನನಗೆ ಗೊತ್ತಾಗ್ತದೆ.”

ಹಾಗೆ ಅವಳು ಅವನ ಕಿವಿಯಾದಳು. ಅವನ ಪಕ್ಕ ನಿಂತು, ಮುಂದಿನ ಹಾಡಿನ ತಾಳವನ್ನು ಅವನ ಭುಜದ ಮೇಲೆ ಬೆರಳಿನಿಂದ ತಟ್ಟುತ್ತಿದ್ದಳು. ಅವನು ಕಣ್ಣು ಮುಚ್ಚಿ ವೇಗ ಹೊಂದಿಸುತ್ತಿದ್ದ. ಹಾಡು ಹಾಡಿಗೆ ಸೇರಿದ ಗಳಿಗೆಯಲ್ಲಿ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದರು. ಪ್ರೀತಿ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಬೆರಳುಗಳಿಗೆ ಮಾತ್ರ ಎಲ್ಲ ಗೊತ್ತಿತ್ತು...

ತುಕ್ರಪ್ಪನಿಗೆ ಸುದ್ದಿ ಮುಟ್ಟಿತು.

“ನನ್ನ ಕೈ ನಿಲ್ಲಿಸಿದವನ ಜೊತೆಯಾ ಮಗಾ?” ಅಷ್ಟೇ ಕೇಳಿದ.

“ಅವರು ನಿಲ್ಲಿಸಿದ್ದಲ್ಲ ಅಪ್ಪ. ಒಮ್ಮೆ ಕೂತು ಕೇಳಿ, ಎಲ್ಲ ಹೇಳ್ತೇನೆ.”

“ನಾಳೆ ಹೇಳು,” ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಆ ನಾಳೆ ಬರಲಿಲ್ಲ.

ಮರುದಿನ ಸಂಜೆ ಮೂಡುಬಿದಿರೆಯಲ್ಲಿ ಕಾರ್ಯಕ್ರಮ. ಕುಸುಮಳ ಎರಡೂ ಕಿವಿಯ ಮೇಲೆ ಹೆಡ್‌ಫೋನ್, ಮೊಬೈಲು ಬ್ಯಾಗಿನಲ್ಲಿ. ಊಟಕ್ಕೆ ಬಿಟ್ಟಾಗ ತೆಗೆದು ನೋಡಿದರೆ ಅಪ್ಪನ ಕರೆಗಳು... ಒಂದರ ಮೇಲೊಂದು! ಆಮೇಲೆ ನೆರೆಮನೆಯವರ ಕರೆಗಳು.

ಅವಳು ಬಂಟ್ವಾಳದ ಮನೆ ಮುಟ್ಟುವಾಗ ಅಪ್ಪನನ್ನು ಚಾವಡಿಯಲ್ಲಿ ಮಲಗಿಸಿ, ತಲೆಯ ಬಳಿ ದೀಪ ಹಚ್ಚಿ ಆಗಿತ್ತು. ಎದೆನೋವು. ಅಪ್ಪ ಕೊನೆಗೆ ಏನು ಹೇಳಲು ಕರೆದಿದ್ದ? ಬೈಯಲೋ, ಬಾ ಎನ್ನಲೋ? ಇನ್ನು ಯಾವತ್ತೂ ತಿಳಿಯುವಂತಿಲ್ಲ...

ಅಂಗಳದಾಚೆ ಶಿವಕೃಷ್ಣ ನಿಂತಿದ್ದ. ಅವಳು ಅವನ ಎದುರು ಹೋದಳು. ಕಣ್ಣಲ್ಲಿ ನೀರಿರಲಿಲ್ಲ.

“ನಿಮ್ಮ ಕಿವಿ ಆಗ್ಲಿಕ್ಕೆ ಹೋಗಿ ನನ್ನ ಅಪ್ಪನ ಕರೆ ನನಗೆ ಕೇಳಲಿಲ್ಲ. ಇನ್ನು ಈ ಮನೆ ಕಡೆ ಬರ್ಬೇಡಿ.”

ಆ ದಿನ ಅವನು ತಲೆಯಾಡಿಸಲಿಲ್ಲ. ಕೇಳಿಸಿತ್ತು.

* * *

ಮೂರು ವರ್ಷ ಅವಳು ಅವನ ಹೆಸರೆತ್ತಲಿಲ್ಲ. ಮದುವೆಯ ಮಾತು ಬಂದರೆ ಬೇಡ ಎಂದಳು. ದೂರದಲ್ಲಿ ಎಲ್ಲಾದರೂ ಡೀಜೆ ಸದ್ದು ಕೇಳಿದರೆ ಕಿಟಕಿ ಮುಚ್ಚಿ ಕುಳಿತಳು.

ಒಂದು ದಿನ ಖಲೀಲ್ ಕ್ಲಿನಿಕ್ಕಿಗೇ ಬಂದ.

“ಕುಸುಮ, ಶಿವು ಈಗ ಮೂಡುಬಿದಿರೆಯಲ್ಲಿ ಅಕ್ಕಿ ಮಿಲ್ಲಿನಲ್ಲಿ ಗೋಣಿ ಹೊರ್ತಾ ಇದ್ದಾನೆ.”

“ನನಗ್ಯಾಕೆ ಹೇಳ್ತೀರಿ ಖಲೀಲಣ್ಣ?”

“ಕೇಳು. ಅವನ ಕೊನೆಯ ಕಾರ್ಯಕ್ರಮಕ್ಕೆ ಬಾಕ್ಸ್ ಕೊಟ್ಟದ್ದು ನಾನೇ. ಎರಡು ಹಾಡು ಅಡ್ಡಾದಿಡ್ಡಿ ಓಡ್ತಾ ಉಂಟು, ಇವನಿಗೆ ಗೊತ್ತೇ ಇಲ್ಲ! ಜನ ನಗ್ತಾರೆ. ಜನಕ್ಕೆ ಖುಷಿ ಆಗಿದೆ ಅಂತ ಇವನೂ ನಗ್ತಾನೆ. ಆಮೇಲೆ ಲ್ಯಾಪ್‌ಟಾಪಿನ ಹುಡುಗ ಬಂದು ಇವನನ್ನು ಬದಿಗೆ ದೂಡಿದ. ನನಗೆ ನೋಡ್ಲಿಕ್ಕೆ ಆಗಲಿಲ್ಲ ಮಾರಾಯ್ತಿ... ಬಲಗಿವಿಯೂ ಪೂರ್ತಿ ಹೋಗಿದೆ.”

ಅವಳು ಟೋಕನ್ ಪುಸ್ತಕ ಮುಚ್ಚಿದಳು.

“ಇನ್ನೊಂದು ಮಾತು,” ಖಲೀಲ್ ದನಿ ತಗ್ಗಿಸಿದ. “ತುಕ್ರಪ್ಪಣ್ಣ ಸತ್ತದ್ದು ಹೃದಯ ನಿಂತು. ನೀನು ಫೋನ್ ತೆಗೆದಿದ್ರೂ ಬಂದು ಮುಟ್ಟುವಾಗ ಎಲ್ಲ ಮುಗಿದಿರ್ತಿತ್ತು. ಇದು ನಿನಗೂ ಗೊತ್ತುಂಟು. ಸಂಕಟ ತಡೆಯಲಿಕ್ಕಾಗದೆ ಅದನ್ನು ಆ ಹುಡುಗನ ತಲೆಗೆ ಹೊರಿಸಿದ್ದಿ. ಅವ ಇನ್ನೂ ಹೊತ್ತುಕೊಂಡೇ ಇದ್ದಾನೆ.”

ಕುಸುಮ ಅಂದು ಬಹಳ ದಿನಗಳ ಮೇಲೆ ಅತ್ತಳು. ಅಪ್ಪನಿಗಾಗಿ, ಶಿವಕೃಷ್ಣನಿಗಾಗಿ, ತನಗಾಗಿ.

* * *

ಅವಳು ಮಿಲ್ಲಿಗೆ ಹೋದಾಗ ಯಂತ್ರಗಳು ಕಿವಿ ಒಡೆಯುವಂತೆ ಓಡುತ್ತಿದ್ದವು. ಒಳಗಿದ್ದವರೆಲ್ಲ ಒಬ್ಬರಿಗೊಬ್ಬರು ಕಿರುಚಿ ಮಾತಾಡುತ್ತಿದ್ದರು, ಕೈಸನ್ನೆ ಮಾಡುತ್ತಿದ್ದರು. ಅಲ್ಲಿ ಎಲ್ಲರೂ ಕಿವುಡರೇ! ಅದಕ್ಕೇ ಅವನು ಈ ಕೆಲಸ ಹಿಡಿದನೇನೋ ಅನಿಸಿತು ಅವಳಿಗೆ.

ಅವನ ತಲೆ ತುಂಬ ತೌಡಿನ ಧೂಳು. ಅರ್ಧ ಕೂದಲು ನೆರೆತಿತ್ತು. ಅವಳನ್ನು ಕಂಡದ್ದೇ ಅವನು ಹೊತ್ತ ಗೋಣಿಯನ್ನು ಮೆಲ್ಲನೆ ಇಳಿಸಿದ.

ಅಷ್ಟರಲ್ಲಿ ಊಟದ ಹೊತ್ತಾಗಿ ಯಂತ್ರ ನಿಂತಿತು. ಕೆಲಸದವರು ಜಗಲಿಯಲ್ಲಿ ಬುತ್ತಿ ಬಿಚ್ಚಿ ಕುಳಿತರು. ಇವರಿಬ್ಬರು ಗೋಣಿಗಳ ರಾಶಿಯ ಪಕ್ಕ ನಿಂತರು.

“ನನ್ನಿಂದ ತಪ್ಪಾಯ್ತು,” ಅವಳು ತುಟಿ ಬಿಡಿಸಿ ಬಿಡಿಸಿ ಹೇಳಿದಳು. “ಅಪ್ಪನ ಸಾವಿಗೆ ನೀವು ಕಾರಣ ಅಲ್ಲ.”

ಅವನು ಆ ತುಟಿಗಳನ್ನೇ ನೋಡಿದ. ಅರ್ಥವಾದಾಗ ಅವನ ಕಣ್ಣು ತುಂಬಿತು.

“ನಾನು ಯಾಕೆ ಬರಲಿಲ್ಲ ಗೊತ್ತುಂಟಾ ಕುಸುಮ?” ಅವನು ಮಿಲ್ಲಿನ ಸದ್ದಿನಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಶುರುಮಾಡಿದ. “ಬಾರದಿದ್ರೆ ನಿನಗೆ ನೆಮ್ಮದಿ ಆಗ್ತದೆ ಅಂತ! ಒಂದು ದಿನವೂ ನಿನ್ನನ್ನು ಮರೀಲಿಲ್ಲ! ನನಗೆ ನೀನಂದ್ರೆ ಪ್ರಾಣ!”

ಜಗಲಿಯಲ್ಲಿ ತುತ್ತು ಎತ್ತಿದ ಕೈಗಳೆಲ್ಲ ನಿಂತವು. ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಕುಸುಮಳ ಮುಖ ಕೆಂಪಾಯಿತು. “ಶ್... ಮೆಲ್ಲ ಮಾತಾಡಿ! ಮೆಷಿನು ನಿಂತಿದೆ. ಎಲ್ಲರಿಗೂ ಕೇಳ್ತದೆ!”

“ಎಂತ?”

“ಎಲ್ಲರಿಗೂ ಕೇಳ್ತದೆ ಅಂದೆ!”

ಅವನು ತಿರುಗಿ ಜಗಲಿ ನೋಡಿದ. ಅವಳ ಕಡೆ ತಿರುಗಿದಾಗ ಮುಖ ಬಾಡಿತ್ತು. ಈ ಸಲ ದನಿ ತಗ್ಗಿತ್ತು, ಎಷ್ಟು ತಗ್ಗಿಸಬೇಕೆಂಬ ಅಳತೆ ಸಿಗದೆ ನಡುಗುತ್ತಿತ್ತು.

“ನೀನು ಹಾಡಿದ್ರೆ ನನಗೆ ಇನ್ನು ಯಾವತ್ತೂ ಕೇಳುವುದಿಲ್ಲ ಕುಸುಮ. ಕರೆದ್ರೂ ಕೇಳುವುದಿಲ್ಲ. ಯೋಚನೆ ಮಾಡು.”

“ಮಾಡಿಯೇ ಬಂದದ್ದು.”

“ಬೇಜಾರು ಬರ್ಲಿಕ್ಕುಂಟು ನಿನಗೆ.”

“ಬರ್ಲಿ.” ಅವಳು ಅವನ ಕೂದಲಿನ ತೌಡನ್ನು ಕೈಯಿಂದ ಕೊಡವಿದಳು. “ಊಟ ಮಾಡಿದ್ರಾ?”

“ಇಲ್ಲ. ನೀನು?”

“ನಾನೂ ಇಲ್ಲ.”

“ಬಾ ಹಾಗಾದ್ರೆ,” ಎಂದ ಅವನು, ಮತ್ತೆ ಇಡೀ ಮಿಲ್ಲಿಗೆ ಕೇಳುವಂತೆ. “ಒಟ್ಟಿಗೆ ಉಣ್ಣುವ!”