ಅವನ ಬಾಯಲ್ಲಿ ಉಳಿದ ಒಂದೇ ಪದ

“ಸಾರಿ...”

ಆಸ್ಪತ್ರೆಯ ಮಂಚದಿಂದ ಅವನು ಹಾಗೆಂದಾಗ ಅವಳ ಕಾಲು ಬಾಗಿಲಲ್ಲೇ ನಿಂತಿತು. ನಾಲ್ಕು ತಿಂಗಳ ಮೇಲೆ ಮುಖ ನೋಡುತ್ತಿದ್ದಳು. ಈಗ ಬಂತೇ ಈ ಮಾತು?

ಇಂಗ್ಲಿಷ್ ಪದಗಳ ಹುಟ್ಟು ತಿಳಿಸುವ ನಿಘಂಟೊಂದನ್ನು ಇಬ್ಬರೂ ಆರು ವರ್ಷ ಕೂತು ಕಟ್ಟಿದ್ದರು. ಅವನು ಸಂಪಾದಕ, ಅವಳು ಕರಡು ತಿದ್ದುವವಳು. ಅದು ಮುಗಿದೊಡನೆ ಮದುವೆ ಎಂದು ಮಾತಾಗಿತ್ತು. ಆದರೆ ಮಾದರಿ ಮುಖಪುಟ ಬಂದಾಗ ಅದರಲ್ಲಿ ಅವನ ಹೆಸರೊಂದೇ ಇತ್ತು. ಅವಳು ಏನೂ ಕೇಳದೆ ಮೇಜು ಖಾಲಿ ಮಾಡಿ ಹೊರಟುಬಿಟ್ಟಳು. ಅವನ ಒಂದು ಫೋನನ್ನೂ ಎತ್ತಲಿಲ್ಲ.

ಹತ್ತು ದಿನದ ಹಿಂದೆ ಅವನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸೋತವು. ಮಾತೆಲ್ಲ ಹೋಗಿ ಈ ಒಂದು ಪದ ಉಳಿಯಿತು. ಅವನ ಅಕ್ಕ ಫೋನಿನಲ್ಲಿ ಅತ್ತು ಅವಳನ್ನು ಕರೆಸಿಕೊಂಡಿದ್ದಳು.

“ನಿನ್ನ ಕ್ಷಮೆ ಕೇಳ್ತಿದಾನಮ್ಮ. ನಿನ್ನೆಯಿಂದ ಬಾಯೇ ಮುಚ್ಚಿಲ್ಲ. ಒಂದು ಮಾತು ಹೇಳಿಬಿಡು,” ಎಂದಳು ಮಂಚದ ಬಳಿ ನಿಂತಿದ್ದ ಅಕ್ಕ.

“ಕ್ಷಮಿಸಿದೀನಿ,” ಎಂದಳು ಅವಳು.

ಅವನು ನಿಲ್ಲಿಸಲಿಲ್ಲ. ಸಾರಿ, ಸಾರಿ... ಹಣೆಯ ತುಂಬ ಬೆವರು. ಅವಳು ಮತ್ತೆ ಮತ್ತೆ ಹೇಳಿದಳು, ಸಾಕು ಮಾಡು ಎಂದು ಬೇಡಿಕೊಂಡಳು. ಇನ್ನೇನು ಕೊಡಲಿ ಇವನಿಗೆ? ನಾನೇ ಇವನ ಜೀವ ತೆಗೆಯುತ್ತಿದ್ದೇನಾ?

ಅಥವಾ... ಇವನು ಹೇಳುತ್ತಿರುವುದೇ ಬೇರೆಯಾದರೆ?

ದಿಂಬಿನ ಪಕ್ಕದಲ್ಲೇ ಅಕ್ಕ ಮನೆಯಿಂದ ತಂದಿಟ್ಟಿದ್ದ ನಿಘಂಟಿನ ಕರಡು ಇತ್ತು. ಹುಚ್ಚಿಯಂತೆ ಹಾಳೆ ತಿರುವಿದಳು. ಆ ಪದದ ಎದುರು ಅವನು ಬರೆದಿದ್ದ: ‘ಹಳೆಯ ಇಂಗ್ಲಿಷಿನಲ್ಲಿ ನೋವುಂಡವನು ಎಂದರ್ಥ. ಹುಣ್ಣು, ನೋವು ಎನ್ನುವ ಪದದಿಂದಲೇ ಹುಟ್ಟಿದ್ದು. ಕ್ಷಮೆ ಕೇಳುವ ಬಳಕೆ ಬಹಳ ಈಚಿನದು.’

ಹಾಳೆಗಳು ನೆಲದ ಮೇಲೆ ಚೆಲ್ಲಿದವು.

“ನೋವಾ? ಎಲ್ಲಾದ್ರೂ ನೋಯ್ತಿದೆಯಾ ನಿಂಗೆ?”

ಅವನ ಎಡಗೈ ಅವಳ ಕೈಯನ್ನು ಮುರಿಯುವಂತೆ ಹಿಡಿಯಿತು.

ಎದೆ ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ಹೊದಿಕೆ ಸರಿಸಿದರೆ ಬಲಗಾಲಿನ ಮೀನಖಂಡ ಊದಿಕೊಂಡು ಸುಡುತ್ತಿತ್ತು. ಬೆರಳು ತಾಗಿದ್ದೇ ಅವನು ಚೀರಿದ.

ರಕ್ತ ಹೆಪ್ಪುಗಟ್ಟಿದೆ, ಅದು ಶ್ವಾಸಕೋಶಕ್ಕೆ ಏರಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು.

ಕಾರಿಡಾರಿನಲ್ಲಿ ಅಕ್ಕ ಉಳಿದದ್ದನ್ನೂ ಹೇಳಿದಳು. ಹೆಸರು ಬಿಟ್ಟವರು ಪ್ರಕಾಶಕರು. ಅವಳ ಹೆಸರಿಲ್ಲದೆ ಅಚ್ಚು ಹಾಕಕೂಡದೆಂದು ಜಗಳವಾಡಿ ಕರಡನ್ನು ಮನೆಗೆ ತಂದಿಟ್ಟುಕೊಂಡವನು ಅವನೇ. ಒಂದೇ ಒಂದು ಸಲ ಕೇಳಿದ್ದರೆ... ಅವಳು ಗೋಡೆಗೆ ಹಣೆ ಒತ್ತಿ ಅತ್ತಳು.

ಅವಳು ಬಂದ ಮೂರನೇ ವಾರ ಅವನ ತುಟಿ ಬೇರೊಂದು ಪದಕ್ಕೆ ತಡಕಾಡಿತು.

“ನೀ... ನೀ...”

“ನೀರು ಬೇಕಾ? ತಾಳು, ತರ್ತೀನಿ.”

ಏಳಹೋದವಳ ಕೈಯನ್ನು ಅವನು ಬಿಡಲಿಲ್ಲ.

“ನೀ...ನು.”

ಅವಳು ಮೆಲ್ಲಗೆ ಮಂಚದ ಅಂಚಿನಲ್ಲಿ ಕೂತಳು.

“ಇಲ್ಲೇ ಇದೀನಲ್ಲ, ಮಾರಾಯ.”