ಬಾಡಿದ ಗಿಡಗಳ ಬುಧವಾರ

ಮಾರ್ಲಿಸ್ ಬರುವಷ್ಟರಲ್ಲಿ ಕೆಂಪು ಹೂವಿನ ಜೆರೇನಿಯಂ ಗಿಡಗಳೆಲ್ಲ ಒಬ್ಬನ ತಳ್ಳುಗಾಡಿ ಸೇರಿಬಿಟ್ಟಿದ್ದವು.

ಹೆದ್ದಾರಿ ಪಕ್ಕದ ಆ ಡಿಸ್ಕೌಂಟ್ ಅಂಗಡಿಯಲ್ಲಿ ಬುಧವಾರ ಬೆಳಿಗ್ಗೆ ಬಾಡಿದ ಗಿಡಗಳಿಗೆ ಹಳದಿ ಚೀಟಿ ಅಂಟಿಸುತ್ತಿದ್ದರು. ಚೀಟಿ ಬಿತ್ತೆಂದರೆ ಬೆಲೆ ಅರ್ಧಕ್ಕಿಳಿಯಿತು ಎಂದು ಅರ್ಥ. ಅದೂ ಜುಲೈ ತಿಂಗಳು. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ಆ ಊರಿಗೆ ಬೇಸಿಗೆ ಅವಸರದ ನೆಂಟನ ಹಾಗೆ ಬರುತ್ತದೆ. ಕೂತು ಕಾಫಿ ಕುಡಿಯುವಷ್ಟರಲ್ಲಿ ಎದ್ದು ಹೊರಡುತ್ತದೆ. ನೆಡುವವರು ಆಗಲೇ ನೆಡಬೇಕು. ಆ ಬುಧವಾರಗಳು ತನ್ನ ಸ್ವಂತ ಆಸ್ತಿ ಎಂದೇ ಮಾರ್ಲಿಸ್ ನಂಬಿದ್ದಳು.

"ಏನ್ರೀ, ಎಲ್ಲಾನೂ ಬಾಚ್ಕೊಂಡ್ರಲ್ಲ! ಸಂತೇಲಿ ಮಾರೋಕಾ?"

ಅವನು ತಿರುಗಿ ನೋಡಿದ. ಎತ್ತರದ ಆಳು, ನರೆತ ಹುಬ್ಬು. ಎರಡು ಕೈಗಳಲ್ಲೂ ಒಂದೊಂದು ಕುಂಡ ಹಿಡಿದಿದ್ದರಿಂದ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಕಂಡ.

"ಮಾರೋಕಲ್ಲ. ನೆಡೋಕೆ."

"ಇಷ್ಟೊಂದಾ? ಮನೇನಾ, ಹೊಲಾನಾ ನಿಮ್ಮದು?"

"ಒಂದು ಕಿಟಕಿ ಇದೆ," ಎಂದ ಅವನು. "ಅದರ ಹೊರಗಡೆ ಪೂರ್ತಿ ಕೆಂಪಗೆ ಕಾಣಬೇಕು."

ಹೇಳಿದ ರೀತಿಯಲ್ಲಿ ಏನೋ ಇತ್ತು. ಬೈಯಲು ಬಂದ ಮಾತು ಅವಳ ಬಾಯಲ್ಲೇ ಉಳಿಯಿತು. ಅವನು ಗಾಡಿಯಿಂದ ಕುಂಡಗಳನ್ನು ಎತ್ತಿ ಅವಳ ಗಾಡಿಗೆ ಇಡತೊಡಗಿದ. ಒಳ್ಳೆಯವನ್ನು ಅವಳಿಗೆ ಕೊಟ್ಟು, ಸೊರಗಿದವನ್ನು ತಾನು ಇಟ್ಟುಕೊಳ್ಳುತ್ತಿದ್ದ.

"ಅಯ್ಯೋ, ಅದು ಸತ್ತೇ ಹೋಗಿದೆ, ಬಿಡಿ."

"ಇನ್ನೂ ಇಲ್ಲ," ಎಂದು ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನಕ್ಕ. "ಸತ್ತ ಮೇಲೆ ಹೇಳ್ತೀನಿ."

ಮಾರ್ಲಿಸ್‌ಗೆ ಐವತ್ತೆಂಟು. ಶಾಲೆಯ ಬಸ್ ಓಡಿಸಿ ಓಡಿಸಿ ನಿವೃತ್ತಳಾದವಳು. ಹಾಸಿಗೆ ಹಿಡಿದಿದ್ದ ಅಪ್ಪನನ್ನು ಕೊನೆಯವರೆಗೂ ನೋಡಿಕೊಂಡಳು. ಅಷ್ಟರಲ್ಲಿ ಮದುವೆಯ ವಯಸ್ಸು ಹೇಳದೆ ಕೇಳದೆ ಜಾರಿಹೋಗಿತ್ತು. ಅದಕ್ಕಾಗಿ ಅವಳು ಅತ್ತವಳಲ್ಲ. ಆದರೆ ಆ ದಿನ ಮನೆಗೆ ಬಂದು ಜೆರೇನಿಯಂ ನೆಡುವಾಗ, ಮೊಣಕಾಲೂರಿ ಕೂತವಳು ಎಷ್ಟೋ ಹೊತ್ತು ಸುಮ್ಮನೆ ಕೂತೇ ಇದ್ದಳು.

ಅವನ ಹೆಸರು ವೆಂಡೆಲ್. ರೈಲ್ವೆ ಶೆಡ್ಡಿನಲ್ಲಿ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಮುಂದಿನ ಬುಧವಾರವೂ ಬಂದ, ಅದರ ಮುಂದಿನದಕ್ಕೂ ಬಂದ. ಇಬ್ಬರೂ ಗಾಡಿಗಳನ್ನು ಅಕ್ಕಪಕ್ಕ ತಳ್ಳುತ್ತಾ ಅಂಗಡಿ ಸುತ್ತುವುದು ರೂಢಿಯಾಯಿತು. ಅಗ್ಗಕ್ಕಿಟ್ಟ ನಗ್ಗಿದ ಆಹಾರದ ಡಬ್ಬಿಗಳನ್ನು ಅವನು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಿದ್ದ.

"ಅದೇನು ಗಿಲಕೀನಾ?" ಎಂದು ಅವಳು ಕೆಣಕುತ್ತಿದ್ದಳು.

"ಟೊಮೇಟೊ ಹಾಡ್ತಾ ಇದೆ. ನೀವೂ ಕೇಳಿ ಬೇಕಾದ್ರೆ."

ಅವಳು ಕಿವಿ ಕೊಟ್ಟಳು. ಡಬ್ಬಿ ಹಿಡಿದ ಅವನ ಬೆರಳಿನ ಬಿಸಿ ಅವಳ ಕೆನ್ನೆಗೆ ತಾಗಲಿಲ್ಲ, ತಾಗುವಷ್ಟು ಹತ್ತಿರವಿತ್ತು. ಅವಳು ಏನನ್ನೂ ಕೇಳಿಸಿಕೊಳ್ಳದೆ, "ಹ್ಞೂಂ, ಶ್ರುತಿ ತಪ್ಪಿದೆ," ಎಂದು ಸರಿದು ನಿಂತಳು.

ಆಗಸ್ಟಿನಲ್ಲಿ ಪೀಚ್ ಹಣ್ಣಿನ ಪೆಟ್ಟಿಗೆಗಳಿಗೆ ಚೀಟಿ ಬಿತ್ತು. ಕಳಿತು ಕಂಪು ಸೂಸುತ್ತಿದ್ದ ಹಣ್ಣು, ನಾಳೆಗೆ ಉಳಿಯುವಂಥದ್ದಲ್ಲ. ಒಬ್ಬರಿಗೆ ಒಂದು ಪೆಟ್ಟಿಗೆ ಹೆಚ್ಚು. ಇಬ್ಬರೂ ಸೇರಿ ಒಂದು ಕೊಂಡು, ಪಾರ್ಕಿಂಗ್‌ನಲ್ಲಿ ಅವನ ಪಿಕಪ್ಪಿನ ಹಿಂಬದಿ ಕೂತು ಹಂಚಿಕೊಂಡರು. ಸರೋವರದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅವಳು ಒಂದು ಹಣ್ಣು ಕಚ್ಚಿದಳು. ರಸ ಮಣಿಕಟ್ಟಿನಿಂದ ಇಳಿದು ಅಂಗಿಯ ತೋಳಿನೊಳಗೆ ಹರಿಯಿತು.

ಅವನು ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದ. ಅವಳು ಅದನ್ನು ತೆಗೆದುಕೊಳ್ಳುವಾಗ ಅವನ ಎಡಗೈ ನೋಡಿದಳು. ಉಂಗುರವಿರಲಿಲ್ಲ. ನೋಡಿದ್ದನ್ನು ಅವನು ನೋಡಿದ. ನೋಟ ಬೇರೆ ಕಡೆ ತಿರುಗಿಸಿದ.

ನಾಚಿಕೆ ಇರಬೇಕು ಎಂದುಕೊಂಡಳು ಮಾರ್ಲಿಸ್. ಆ ಕರವಸ್ತ್ರವನ್ನು ಮನೆಗೆ ಒಯ್ದು ಒಗೆದು ಇಸ್ತ್ರಿ ಹಾಕಿದಳು. ಅವಳ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಹೊರಬಂದು ಎಷ್ಟೋ ಕಾಲವಾಗಿತ್ತು.

ಸೆಪ್ಟೆಂಬರಿನಲ್ಲಿ ಅಂಗಡಿಯ ಮುಂದೆ ಸೇವಂತಿಗೆ ಕುಂಡಗಳು, ಸಿಹಿಗುಂಬಳಗಳು ಸಾಲುಗಟ್ಟಿದವು. ಆ ಬುಧವಾರ ಮಾರ್ಲಿಸ್ ಕೂದಲು ಕತ್ತರಿಸಿಕೊಂಡು, ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ಭಾನುವಾರ ಊಟಕ್ಕೆ ಬನ್ನಿ ಎಂದು ಕರೆಯಬೇಕು. ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದ್ದಳು.

ವೆಂಡೆಲ್ ಸೇವಂತಿಗೆಗಳ ನಡುವೆ ನಿಂತಿದ್ದ. ಅವನ ಕೈಯಲ್ಲಿ ಆ ದಿನ ತಳ್ಳುಗಾಡಿಯಿರಲಿಲ್ಲ, ಗಾಲಿಕುರ್ಚಿಯಿತ್ತು. ಕುರ್ಚಿಯಲ್ಲಿ ಬಿಳಿಕೂದಲಿನ ಸಣಕಲು ಹೆಂಗಸು. ಗಾಳಿಗೆ ಅವಳ ಕಣ್ಣಮೇಲೆ ಬಿದ್ದ ಕೂದಲನ್ನು ಅವನು ಬಗ್ಗಿ ಕಿವಿಯ ಹಿಂದೆ ಸಿಕ್ಕಿಸಿದ. ಸಾವಿರ ಸಲ ಮಾಡಿದ ಕೈ ಅದು. ದೂರದಿಂದ ನೋಡಿದರೂ ತಿಳಿಯುತ್ತಿತ್ತು.

ಚೀಟಿ ಅಂಟಿಸುತ್ತಿದ್ದ ಟ್ವೈಲಾ, ಮಾರ್ಲಿಸ್‌ಳ ಹಳೆಯ ಗೆಳತಿ, ಪಕ್ಕಕ್ಕೆ ಬಂದಳು.

"ಯಾರೇ ಅದು?" ಎಂದಳು ಮಾರ್ಲಿಸ್.

"ಅವರ ಹೆಂಡ್ತಿ ಕಣೇ, ಸಿಗ್ನಿ. ಮರೆವಿನ ಕಾಯಿಲೆ. ಬೆಟ್ಟದ ಮೇಲಿನ ಆರೈಕೆ ಮನೇಲಿದಾಳೆ." ಟ್ವೈಲಾ ಅವಳ ನೀಲಿ ಕೋಟು ನೋಡಿದಳು, ಮುಖ ನೋಡಿದಳು. ದನಿ ಇಳಿಯಿತು. "ಅಯ್ಯೋ ದೇವ್ರೇ. ನಿಂಗೆ ಗೊತ್ತಿರ್ಲಿಲ್ವಾ?"

ಮಾರ್ಲಿಸ್ ಹಿಂತಿರುಗಿ ಹೊರಡಬೇಕೆಂದಿದ್ದಳು. ಆದರೆ ಕಾರಿಗೆ ಹೋಗುವ ದಾರಿ ಆ ಕುರ್ಚಿಯ ಪಕ್ಕದಲ್ಲೇ ಇತ್ತು. ತಲೆ ತಗ್ಗಿಸಿ ದಾಟುವಾಗ ಸಿಗ್ನಿ ಕೈಚಾಚಿ ಅವಳ ಕೋಟಿನ ಅಂಚು ಹಿಡಿದಳು.

"ಈಗ ಬಂದ್ಯಾ? ಎಷ್ಟೊತ್ತು ಕಾಯಿಸ್ತೀಯೇ! ಯಾವ ಬಣ್ಣ ತಗೊಳ್ಳೋದು, ಹೇಳು."

ವೆಂಡೆಲ್‌ನ ಮುಖ ಬಿಳಿಚಿಕೊಂಡಿತ್ತು. ಮಾರ್ಲಿಸ್ ಅವನತ್ತ ನೋಡಲಿಲ್ಲ. ಬಗ್ಗಿ, ಒಂದು ಕುಂಡ ಎತ್ತಿ, "ಹಳದಿ," ಎಂದಳು. "ಇದು ನೋಡಿ. ಮೊಗ್ಗು ಜಾಸ್ತಿ ಇದೆ. ತುಂಬ ದಿನ ಇರುತ್ತೆ."

ಸಿಗ್ನಿ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಮೂಸಿದಳು. ಮಗುವಿನ ಹಾಗೆ ಸಂತೋಷಪಟ್ಟಳು. ಮಾರ್ಲಿಸ್ ಬೆರಳು ಬೆರಳಾಗಿ ಅಂಚನ್ನು ಬಿಡಿಸಿಕೊಂಡು ಹೋಗಿ ಕಾರಿನಲ್ಲಿ ಕೂತಳು. ಬಹಳ ಹೊತ್ತು ಕೀಲಿ ತಿರುಗಿಸಲು ಆಗಲಿಲ್ಲ.

ಆಮೇಲೆ ಅವಳು ಬುಧವಾರ ಅಂಗಡಿಗೆ ಹೋಗುವುದನ್ನು ಬಿಟ್ಟಳು. ಸಿಟ್ಟು ಅವನ ಮೇಲೋ ತನ್ನ ಮೇಲೋ ತಿಳಿಯದೆ ತೋಟದ ಕಳೆಯ ಮೇಲೆ ತೀರಿಸಿಕೊಂಡಳು. ಅಕ್ಟೋಬರಿನ ಒಂದು ಶುಕ್ರವಾರ, ಚಳಿಗೆ ನೆಲ ಹೆಪ್ಪುಗಟ್ಟುವ ಮೊದಲು, ವಸಂತಕ್ಕೆ ಹೂ ಬಿಡುವ ಗೆಡ್ಡೆಗಳನ್ನು ಕೊಂಡುಬಿಡಬೇಕೆಂದು ಹೋದರೆ, ಗೆಡ್ಡೆಗಳ ಸಾಲಿನ ಕೊನೆಯಲ್ಲಿ ವೆಂಡೆಲ್ ಬರಿಗೈಯಲ್ಲಿ ನಿಂತಿದ್ದ.

"ದಿನಾ ಬರ್ತಾ ಇದ್ದೀನಿ," ಎಂದ. "ಯಾವ ದಿನ ಬರ್ತೀರೋ ಗೊತ್ತಾಗಲಿಲ್ಲ."

"ನೀವು ನಂಗೆ ಹೇಳಬೇಕಿತ್ತು."

"ಹೌದು."

"ಉಂಗುರ ಎಲ್ಲಿ ಹೋಯ್ತು?"

"ಯಂತ್ರದ ಕೆಲಸದಲ್ಲಿ ಉಂಗುರ ಹಾಕಿದ್ರೆ ಬೆರಳೇ ಹೋಗುತ್ತೆ. ನಾನು ಯಾವತ್ತೂ ಹಾಕಿಲ್ಲ. ಆದ್ರೆ ಅವತ್ತು ನೀವು ನೋಡಿದ್ದು ನಂಗೆ ಗೊತ್ತಾಯ್ತು. ಅವತ್ತೇ ಹೇಳಬೇಕಿತ್ತು. ಸುಳ್ಳು ಹೇಳಲಿಲ್ಲ ನಾನು, ಆದ್ರೆ—"

"ಹೇಳದೇ ಇರೋದೂ ಸುಳ್ಳೇ, ವೆಂಡೆಲ್."

ಅವನು ತಲೆಯಾಡಿಸಿದ. "ಅವಳ ಹತ್ರ ಹೋದ್ರೆ ನಾನ್ಯಾರು ಅಂತ ಅವಳಿಗೆ ಗೊತ್ತಿಲ್ಲ. ಮನೆಗೆ ಬಂದ್ರೆ ಮನೆ ತುಂಬ ಅವಳೇ. ಇಲ್ಲಿ ಮಾತ್ರ ನಾನು ನಗ್ಗಿದ ಡಬ್ಬಿ ಅಲ್ಲಾಡಿಸೋ ಒಬ್ಬ ಮನುಷ್ಯ ಆಗಿದ್ದೆ. ಹೇಳಿಬಿಟ್ರೆ ನೀವು ಪಾಪ ಅಂತೀರಿ. ನನ್ನನ್ನ ನೋಡಿ ಪಾಪ ಅನ್ನದೇ ಇದ್ದೋರು ನೀವೊಬ್ಬರೇ."

ಅವಳು ಗೆಡ್ಡೆಯ ಚೀಲವನ್ನು ಕೈಯಿಂದ ಕೈಗೆ ಬದಲಿಸಿದಳು.

"ಇನ್ನೊಂದು ಮಾತು," ಎಂದ. "ಅವಳು ನಿಮ್ಮನ್ನ ಕೇಳ್ತಾ ಇದಾಳೆ. ಹಳದಿ ಹೂವು ಕೊಟ್ಟೋಳು ಎಲ್ಲಿ ಅಂತ."

"ಇದನ್ನ ಹೇಳಿ ನನ್ನ ಕಟ್ಟಿಹಾಕ್ತಾ ಇದ್ದೀರಾ?"

"ಇಲ್ಲ. ನೀವು ಬರಬೇಡಿ. ಆದ್ರೆ ಇದನ್ನೂ ಮುಚ್ಚಿಟ್ರೆ ಮತ್ತೆ ಸುಳ್ಳಾಗುತ್ತಲ್ಲ."

ಮಾರ್ಲಿಸ್ ಹಣ ತೆತ್ತು ಹೊರಟುಹೋದಳು. ಎರಡು ದಿನ ಆ ಚೀಲ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು. ಮೂರನೆಯ ದಿನ ಅದನ್ನು ಎತ್ತಿಕೊಂಡು ಬೆಟ್ಟದ ರಸ್ತೆ ಹಿಡಿದಳು.

ಆರೈಕೆ ಮನೆಯ ಅಂಗಳದಲ್ಲಿ, ಒಂದು ಕಿಟಕಿಯ ಕೆಳಗೆ, ಜೆರೇನಿಯಂ ಗಿಡಗಳು ಹಿಮದ ಏಟಿಗೆ ಕಪ್ಪಾಗಿ ಮಲಗಿದ್ದವು. ಬೇಸಿಗೆಯೆಲ್ಲ ಅವು ಬಿಟ್ಟಿದ್ದ ಹೂವು ಎಷ್ಟಿರಬೇಕೆಂದು ಆ ಪಾತಿಯ ಉದ್ದ ನೋಡಿದರೇ ಗೊತ್ತಾಗುತ್ತಿತ್ತು. ದಾದಿಯೊಬ್ಬಳು ಸಿಗ್ನಿಯನ್ನು ಕಂಬಳಿ ಹೊದಿಸಿ ಹೊರಗೆ ಕರೆತಂದಳು. ಮಾರ್ಲಿಸ್ ಮೊಣಕಾಲೂರಿ ಸತ್ತ ಗಿಡಗಳನ್ನು ಕಿತ್ತು ಗುಳಿ ತೋಡಿದಳು. ಸಿಗ್ನಿ ಕುರ್ಚಿಯಿಂದ ಬಗ್ಗಿ ಒಂದೊಂದೇ ಗೆಡ್ಡೆಯನ್ನು ಮಣ್ಣಿಗೆ ಇಳಿಬಿಟ್ಟಳು. ಕೆಲವನ್ನು ತಲೆಕೆಳಗಾಗಿ ಬಿಟ್ಟಳು. ಮಾರ್ಲಿಸ್ ಸದ್ದಿಲ್ಲದೆ ತಿರುಗಿಸಿಟ್ಟಳು.

"ಈರುಳ್ಳೀನಾ ಇದು?"

"ಡ್ಯಾಫೊಡಿಲ್ ಹೂವಿನ ಗೆಡ್ಡೆ. ಕಹಿ ಇರುತ್ತೆ, ಇದನ್ನ ಜಿಂಕೆ ಮುಟ್ಟಲ್ಲ."

"ಜಾಣ ಹೂವು," ಎಂದಳು ಸಿಗ್ನಿ.

ಗೇಟಿನ ಸದ್ದಾಯಿತು. ವೆಂಡೆಲ್ ಬಂದವನು ಅಲ್ಲೇ ನಿಂತ. ಹತ್ತಿರ ಬರಲು ಧೈರ್ಯವಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದ. ಸಿಗ್ನಿ ಅವನನ್ನು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮಾರ್ಲಿಸ್‌ಳ ಕಿವಿಯ ಹತ್ತಿರ ಬಾಗಿ, ಗುಟ್ಟು ಹೇಳುವವಳಂತೆ, ಆದರೆ ಅಂಗಳಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಆ ಮನುಷ್ಯ ದಿನಾ ಬರ್ತಾನೆ ಕಣೇ. ಒಳ್ಳೆಯವನಾ?"

"ಒಳ್ಳೆಯವರು," ಎಂದಳು ಮಾರ್ಲಿಸ್.

"ಹಾಗಾದ್ರೆ ನೀನು ಮಾಡ್ಕೋ ಅವನ್ನ. ನಂಗೆ ಬೇಡ. ನಂಗೆ ಗಂಡ ಇದಾನೆ. ಶೆಡ್ಡಿಗೆ ಹೋಗಿದಾನೆ, ಸಂಜೆ ಬರ್ತಾನೆ."

ಗೇಟಿನ ಹತ್ತಿರ ವೆಂಡೆಲ್ ಮುಖ ತಿರುಗಿಸಿದ. ಅವನ ಭುಜಗಳು ಅಲುಗಿದವು. ಮಾರ್ಲಿಸ್ ಕೈಯಲ್ಲಿದ್ದ ಮಣ್ಣನ್ನು ಹಿಂಡಿಯೇ ಹಿಂಡಿದಳು.

"ಅವರಿಗೆ ಹೆಂಡ್ತಿ ಇದಾಳೆ, ಸಿಗ್ನಿ. ಅವಳನ್ನ ತುಂಬ ಪ್ರೀತಿಸ್ತಾರೆ."

"ಅಯ್ಯೋ ಪಾಪ," ಎಂದು ಸಿಗ್ನಿ ಅವಳ ಕೆನ್ನೆ ಸವರಿದಳು. ಕೆನ್ನೆಗೆ ಮಣ್ಣು ಅಂಟಿತು. "ಕಾಯ್ತೀಯಾ ಮತ್ತೆ?"

ಸರೋವರದ ಮೇಲೆ ಹಡಗೊಂದು ಕೂಗಿತು. ವೆಂಡೆಲ್ ಈ ಕಡೆ ತಿರುಗಿದ್ದ. ಅವನ ಕಣ್ಣುಗಳು ಒದ್ದೆಯಾಗಿದ್ದವು, ಅವುಗಳಲ್ಲೂ ಅದೇ ಪ್ರಶ್ನೆಯಿತ್ತು, ಕೇಳಿದ್ದಕ್ಕೆ ನಾಚಿಕೆಯೂ ಇತ್ತು. ಮಾರ್ಲಿಸ್ ಉತ್ತರವನ್ನು ಸಿಗ್ನಿಗೆ ಹೇಳಿದಳು; ನೋಡಿದ್ದು ಅವನನ್ನು.

"ಕಾಯೋಲ್ಲ. ಕಾಯೋದು ಅಂದ್ರೆ ಆ ಹೆಂಡ್ತಿಗೆ ಕೆಟ್ಟದ್ದು ಬಯಸಿದ ಹಾಗೆ. ಅದು ನನ್ನಿಂದ ಆಗಲ್ಲ. ಸುಮ್ನೆ ಬರ್ತಾ ಇರ್ತೀನಿ. ಅವಳನ್ನ ನೋಡ್ತೀನಿ, ಅವರನ್ನೂ ನೋಡ್ತೀನಿ. ಅಷ್ಟು ಸಾಕು ನಂಗೆ."

ವೆಂಡೆಲ್ ಹತ್ತಿರ ಬಂದ. ಅವಳ ಪಕ್ಕದಲ್ಲೇ ಮೊಣಕಾಲೂರಿ ಕೂತು, ಉಳಿದ ಗುಳಿಗಳಿಗೆ ಮಣ್ಣು ಎಳೆಯತೊಡಗಿದ. "ಮಾರ್ಲಿಸ್, ನಾನು ನಿಮ್ಮನ್ನ..." ಎಂದ ತೀರ ಸಣ್ಣ ದನಿಯಲ್ಲಿ. ಉಳಿದದ್ದನ್ನೂ ಹೇಳಿದ. ಒಂದೇ ಮಾತು.

"ಕೇಳಿಸ್ತು," ಎಂದಳು ಅವಳು. "ನಂಗೂ ಹಾಗೇ. ಇನ್ನೊಂದ್ಸಲ ಹೇಳಬೇಡಿ."

"ಹೇಳಲ್ಲ."

"ಏನು ಪಿಸುಪಿಸು ನಿಮ್ಮದು? ನಂಗೆ ಚಳಿಗೆ ಕೈ ಕೊರೀತಾ ಇದೆ," ಎಂದು ಸಿಗ್ನಿ ಗದರಿದಳು.

ಇಬ್ಬರೂ ಎದ್ದು ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದರು. ತೊಳೆಯುವ ತೊಟ್ಟಿಗೆ ಮಾರ್ಲಿಸ್ ಬಿಸಿನೀರು ಬಿಟ್ಟಳು. ಸಿಗ್ನಿಯ ಒಂದು ಕೈಯನ್ನು ಅವಳು, ಇನ್ನೊಂದನ್ನು ಅವನು ಹಿಡಿದು, ಉಗುರುಸಂದಿಯ ಮಣ್ಣು ಬಿಡುವವರೆಗೆ ಮೆಲ್ಲಗೆ ಉಜ್ಜಿದರು. ಕದಡಿದ ನೀರಿನ ಅಡಿಯಲ್ಲಿ ಅವನ ಬೆರಳು ಒಮ್ಮೆ ಅವಳ ಬೆರಳಿಗೆ ತಗುಲಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ. ಸಿಗ್ನಿ ಕಣ್ಣು ಮುಚ್ಚಿಕೊಂಡು, "ಆಹಾ, ಬೆಚ್ಚಗಿದೆ," ಎಂದಳು.