ಅವಳ ಹೆಸರು ಅವನು ಹೇಳಲಿಲ್ಲ

"ಈ ಸಾಲು ಬರ್ದವ್ರು ಯಾರು?"

ಗೆಜ್ಜಲಗೆರೆಯಿಂದ ಮಳವಳ್ಳಿಗೆ ಹೊರಟಿದ್ದ ಸಂಜೆಯ ಬಸ್ಸಿನಲ್ಲಿ ಆ ದನಿ ಕೇಳಿ ಮಹದೇವು ತಿರುಗಿ ನೋಡಿದ.

ಕಿಟಕಿಯ ಪಕ್ಕ ನಾಗಶ್ರೀ ಕುಳಿತಿದ್ದಳು. ಗಾರ್ಮೆಂಟ್ಸ್ ಶಿಫ್ಟು ಮುಗಿಸಿ ಬಂದವಳ ಕೂದಲಲ್ಲಿ ಇನ್ನೂ ನೂಲಿನ ಎಳೆಗಳು. ಕೈಯಲ್ಲಿ ಅವನು ಸಹಿಗೆಂದು ಹಂಚಿದ್ದ ಮನವಿ. ಹೊರಗೆ ಕಬ್ಬಿನ ಸೂಲಂಗಿ ಹೂಗಳು ಇಳಿಬಿಸಿಲಲ್ಲಿ ಬೆಳ್ಳಿಯಂತೆ ತೂಗುತ್ತಿದ್ದವು. ಅವಳ ಕಣ್ಣಲ್ಲಿ ಮಾತ್ರ ಬೆಂಕಿ!

"ನಾನೇ ಬರ್ದಿದ್ದು. ಮದ್ದೂರು ಕೋರ್ಟಲ್ಲಿ ವಕೀಲ. ಕೆಲಸ ಕೊಡಿಸ್ತೀವಿ ಅಂತ ಹೆಣ್ಮಕ್ಕಳನ್ನ ಕರ್ಕೊಂಡೋಗಿ ಮಾರ್ತಾರಲ್ಲ... ಅದನ್ನ ತಡೆಯೋಕೆ ನಮ್ಮ ರಾಜ್ಯದಲ್ಲೇ ಒಂದು ಗಟ್ಟಿ ಕಾನೂನು ಬೇಕು ಅಂತ..."

"ಅದು ಸರಿ. 'ಬಿಡಿಸಿ ತಂದವರನ್ನು ಎರಡು ವರ್ಷ ಆಶ್ರಯಧಾಮದಲ್ಲಿ ಇರಿಸತಕ್ಕದ್ದು'... ಇದ್ಯಾಕೆ? ತಪ್ಪು ಮಾಡಿದ್ದು ಅವ್ಳಾ?"

ಮಹದೇವು ಕಾಗದ ಇಸಿದುಕೊಂಡ. ಜೇಬಿನಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದ.

"ಏನ್ ಬರೀಲಿ, ನೀವೇ ಹೇಳಿ."

"ಎಲ್ಲಿರ್ತೀಯ ಅಂತ ಅವ್ಳನ್ನೇ ಕೇಳ್ಬೇಕು ಅಂತ ಬರೀರಿ."

ಅವನು ಹಾಗೆಯೇ ಬರೆದ. ಬಸ್ಸಿನ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು. ನಾಗಶ್ರೀಯ ಎದೆ ಯಾಕೋ ಹಗುರಾಯಿತು. ತನ್ನ ಮಾತನ್ನು ಯಾರಾದರೂ ಬರೆದುಕೊಂಡಿದ್ದು ಇದೇ ಮೊದಲು...

ಆಮೇಲಿನ ಭಾನುವಾರಗಳೆಲ್ಲ ಕನಸಿನಂತೆ ಕಳೆದವು. ಕೆರಗೋಡಿನಲ್ಲಿ, ಕೊತ್ತತ್ತಿಯಲ್ಲಿ ಮನೆಮನೆ ಸುತ್ತಿ ಇಬ್ಬರೂ ಸಹಿ ಕೂಡಿಸಿದರು. ಬಿಸಿಲು ಏರಿದರೆ ನಾಲೆಯ ಏರಿಯ ಮೇಲೆ ಕೂರುತ್ತಿದ್ದರು. ನೀರಿನ ಬೆಳಕು ಅವನ ಮುಖದ ಮೇಲೆ ಅಲೆಯಾಡುವುದನ್ನು ಅವಳು ಕದ್ದು ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಅಲ್ಲಿಯೇ ಹೇಳಿಬಿಟ್ಟಳು.

"ನಾನೂ ಹಂಗೆ ಹೋದವ್ಳೇ ಕಣ್ರೀ. ಹತ್ತೊಂಬತ್ತಕ್ಕೆ. ಎಂಟು ತಿಂಗಳು ಅಲ್ಲಿ... ಬಿಡಿಸ್ಕೊಂಡು ಬಂದ್ಮೇಲೆ ಎರಡು ವರ್ಷ ಆಶ್ರಯಧಾಮದಲ್ಲಿ."

ಮಹದೇವು ಒಂದು ಮಾತೂ ಆಡಲಿಲ್ಲ. ನೀರನ್ನೇ ನೋಡುತ್ತ ಕುಳಿತ.

'ಹೇಳಬಾರದಿತ್ತೇನೋ...' ಆ ಮೌನ ಅವಳೊಳಗೆ ಮುಳ್ಳಾಯಿತು.

ಮಂಡ್ಯದಲ್ಲಿ ಶಾಸಕರೊಬ್ಬರು ಅಹವಾಲು ಕೇಳಲು ಒಪ್ಪಿದ್ದ ದಿನ ಬಂತು. ನಾಗಶ್ರೀ ಸಭಾಂಗಣದ ಬಾಗಿಲಿಗೆ ಬರುವಾಗ ಟಿವಿಯವನೊಬ್ಬ ಮಹದೇವುವನ್ನು ಕೇಳುತ್ತಿದ್ದ.

"ನಿಮ್ಮ ಜೊತೆ ಓಡಾಡ್ತಾಳಲ್ಲ ಆ ಹುಡುಗಿ... ಅವಳೂ ಅಂಥ ಕಡೆಯಿಂದ ಬಂದವಳಂತೆ? ಯಾರವಳು?"

"ಯಾರೋ ಸಹಿ ಕೂಡಿಸೋಕೆ ಬಂದವ್ರು. ನನಗೂ ಅವ್ರಿಗೂ ಏನೂ ಸಂಬಂಧ ಇಲ್ಲ."

ಏನೂ ಸಂಬಂಧ ಇಲ್ಲ!

ಅವಳು ಬಸ್ ಸ್ಟ್ಯಾಂಡಿನ ಕಡೆ ಓಡಿದಳು. ಅರ್ಧ ಗಂಟೆ ಕಾದು ಮಳವಳ್ಳಿ ಬಸ್ಸಿನ ಕಂಬಿ ಹಿಡಿದಾಗ ಹಿಂದಿನಿಂದ ಯಾರೋ ತೋಳು ಹಿಡಿದರು. ಮಹದೇವುವಿನ ಸೀನಿಯರ್ ವಕೀಲೆ, ವೀಣ ಮೇಡಂ. ಏದುಸಿರು ಬಿಡುತ್ತಿದ್ದರು.

"ಎಲ್ಲಿಗೆ ಹೊಂಟೆ?"

"ನನ್ನಂಥವ್ಳು ಅಂದ್ರೆ ಅವ್ರಿಗೂ ನಾಚ್ಕೆ ಅಲ್ವಾ ಮೇಡಂ..."

"ಅಯ್ಯೋ ಪೆದ್ದಿ! ಕ್ಯಾಮೆರಾ ಆನ್ ಇತ್ತು ಕಣೆ. ಅವನು ಹೂಂ ಅಂದಿದ್ರೆ ಸಂಜೆಗೆಲ್ಲ ನಿನ್ನ ಮುಖ ಮನೆಮನೆ ಟಿವೀಲಿ. ಅಲ್ಲಿ ನೋಡಿದ್ರೆ ಶಾಸಕರು ನಿನ್ನ ಸಾಲು ತೆಗೀರಿ ಅಂತಾವ್ರೆ. ಅವನೊಬ್ಬನೇ ಬಡಿದಾಡ್ತಾವ್ನೆ!"

ಬಸ್ಸು ಹೊರಟಿತು. ನಾಗಶ್ರೀ ಕಂಬಿ ಬಿಟ್ಟಳು.

ಸಭೆಯೊಳಗೆ ಅವಳನ್ನು ಕಂಡ ಮಹದೇವು ದಿಗಿಲಿನಿಂದ ತಲೆಯಾಡಿಸಿದ. ಬೇಡ... ಅವಳು ನೇರ ಶಾಸಕರ ಮುಂದೆ ಹೋಗಿ ನಿಂತಳು.

"ಕ್ಯಾಮೆರಾದವ್ರನ್ನ ಹೊರಗೆ ಕಳ್ಸಿ ಸಾರ್. ನನ್ನ ಮಾತು ಬೇಕಾದ್ರೆ ತಗೊಳ್ಳಿ. ಮುಖ ಕೊಡಲ್ಲ."

ಬಾಗಿಲು ಮುಚ್ಚಿತು.

"ನಾನು ನಾಗಶ್ರೀ. ನನ್ನ ಮಾರಿದ ಮನೇಲಿ ಬಾಗಿಲು ಒಳಗಿಂದ ತೆಗೆಯೋ ಹಂಗಿರ್ಲಿಲ್ಲ. ಆಶ್ರಯಧಾಮದಲ್ಲೂ ಹಂಗೇ ಇತ್ತು. ನಮ್ಮವ್ವ ಪಟ್ಟಲಮ್ಮ ಗೇಟಿನಾಚೆ ನಿಂತು, ಅತ್ತು, ವಾಪಸ್ ಹೋಗೋಳು. ಆ ಸಾಲು ತೆಗೀಬೇಡಿ ಸಾರ್..."

ಶಾಸಕರು ಆ ಸಾಲನ್ನು ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಇರಲಿ ಕಣಮ್ಮ. ಖಾಸಗಿ ಮಸೂದೆ ಮಾಡಿ ನಾನೇ ಸದನದಲ್ಲಿ ಮಂಡಿಸ್ತೀನಿ. ಪಾಸಾಗೋದು ಅಷ್ಟು ಸುಲಭ ಅಲ್ಲ. ಆದ್ರೂ ಇದೇ ಸಾಲಿನ ಜೊತೆಗೇ ಮಂಡಿಸ್ತೀನಿ."

ಹೊರಗೆ ಹೊಂಗೆ ಮರದ ಕೆಳಗೆ ನೆರಳು ಉದ್ದವಾಗಿತ್ತು. ಗಾಳಿಗೆ ಉದುರಿದ ಎಲೆಗಳ ನಡುವೆ ಇಬ್ಬರೂ ನಿಂತಿದ್ದರು.

"ಅವತ್ತು ನಾಲೆ ಹತ್ರ ಯಾಕೆ ಸುಮ್ಮನಾದ್ರಿ?" ಅವಳು ಕೇಳಿದಳು.

"ಏನಂದ್ರೂ ಸಣ್ಣ ಮಾತಾಗ್ತದೆ ಅನ್ನಿಸ್ತು. ಬಾಯಿ ತೆಗೆದಿದ್ರೆ ಅತ್ತೇಬುಡ್ತಿದ್ದೆ..."

"ಮತ್ತೆ ಸಂಬಂಧ ಇಲ್ಲ ಅಂದ್ರಲ್ಲ..."

"ಸುಳ್ಳು ಹೇಳ್ದೆ."

"ಈಗ ನಿಜ ಹೇಳಿ."

"ನಿಮ್ಮನ್ನ ಬುಟ್ಟು ನಂಗೆ ಬೇರೆ ಬದುಕು ಬೇಡ, ನಾಗಶ್ರೀ."

ಅವಳು ಅಳುತ್ತಲೇ ನಕ್ಕಳು. ಇಷ್ಟು ವರ್ಷ ಯಾರ ಕೈಗೂ ತಾಗದಂತೆ ಕಾದುಕೊಂಡಿದ್ದ ಬೆರಳುಗಳನ್ನು ತಾನಾಗಿ ಅವನ ಅಂಗೈಯಲ್ಲಿಟ್ಟಳು. ಅವನು ಬಿಗಿಹಿಡಿಯಲಿಲ್ಲ... ಸುಮ್ಮನೆ ಅಂಗೈ ಚಾಚಿಕೊಂಡೇ ನಿಂತ.

"ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ? ಊಟಕ್ಕೆ ಬನ್ನಿ," ಎಂದ ಮೆಲ್ಲಗೆ.

"ಬನ್ನಿ ಅಲ್ಲ ಕಣೋ..." ಅವಳು ಕಣ್ಣೊರೆಸಿಕೊಂಡಳು. "ಬಾ ಅನ್ನು."

ಮಹದೇವುವಿನ ಕಿವಿ ಕೆಂಪಾಯಿತು.

"ಬಾ..."